ಅಳಿಯ ಹಾಕಿಸಿದ ನೆಲ

ಬಾಣಂತಿಯ ತಲೆಗೆ ಇನ್ನೂ ನಾಲ್ಕು ಚೆಂಬು ನೀರು ಬಿದ್ದಿರಲಿಲ್ಲ, ಬಚ್ಚಲ ಬಾಗಿಲ ಅಡಿಯಿಂದ ನೀರು ನಡುಮನೆಗೆ ಹರಿದೇ ಬಿಟ್ಟಿತು. ಅನಸೂಯಮ್ಮ ಚೆಂಬನ್ನು ಬಕೆಟ್ಟಿನೊಳಗೆ ಬಿಟ್ಟು, ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಇವ್ರೇ, ಗೋಣಿಚೀಲ ಅಡ್ಡ ಆಕಿ, ಮತ್ತೆ ಬಂತು" ಎಂದಳು. ಡೇರಿಗೆ ಹಾಲು ಹಾಕಿ ಆಗಷ್ಟೇ ಬಂದಿದ್ದ ಅವಳ ಗಂಡ ಬಚ್ಚಪ್ಪ ಖಾಲಿ ಕ್ಯಾನನ್ನು ಕೆಳಗಿಟ್ಟು ಚೀಲ ಹಿಡಿದು ಓಡಿಬಂದ. ಅಷ್ಟರಲ್ಲಿ ಹರಳೆಣ್ಣೆ, ಸೀಗೆಪುಡಿ ಬೆರೆತ ನೀರು ತೊಟ್ಟಿಲ ಕೆಳಗೆ ಹಾದು ದೇವರ ಗೂಡಿನ ಕಡೆಗೆ ಹೊರಟಿತ್ತು. ತೊಟ್ಟಿಲಲ್ಲಿ ಮಲಗಿದ್ದ ಮೊಮ್ಮಗನಿಗೆ ಇದೇನೂ ಗೊತ್ತಿಲ್ಲ. ಒಳಗೆ ಒದ್ದೆ ತಲೆಯಲ್ಲಿ ಮಣೆಯ ಮೇಲೆ ಕುಳಿತಿದ್ದ ಮಗಳು ರಾಧಳಿಗೆ ಎಲ್ಲಾ ಗೊತ್ತು, ಆದರೆ ಮಾತಾಡುವಂತಿಲ್ಲ.

"ಅಳಿಯ ಮನೆ ತೊಳಿಯ ಅಂತಾರಲ್ಲ, ನಮ್ಮಳಿಯ ದಿನಾ ತೊಳೀತಾವ್ನೆ ನೋಡು" ಎಂದ ಬಚ್ಚಪ್ಪ, ಚೀಲ ಹಿಂಡುತ್ತಾ. ಯಾರೂ ನಗಲಿಲ್ಲ. ಮೊದಮೊದಲು ನಕ್ಕಿದ್ದರು, ನಿಜ. ದಿನಾ ಬೆಳಗ್ಗೆ ಅದೇ ನೀರು, ಅದೇ ಚೀಲ, ಅದೇ ಮಾತು ಆದರೆ ನಗುವಾದರೂ ಎಲ್ಲಿಂದ ಬರಬೇಕು?

ಈ ಬಚ್ಚಲಿನ ಕಥೆ ಶುರುವಾದದ್ದು ರಾಧಳ ಸೀಮಂತದ ದಿನ. ಬೂದಿಕೋಟೆ ಹತ್ತಿರದ ಈ ಹಳ್ಳಿಯ ಮನೆಯಲ್ಲಿ ಹಳೆಯ ಬಚ್ಚಲೊಂದಿತ್ತು. ಕಲ್ಲುಚಪ್ಪಡಿ, ತಾಮ್ರದ ಹಂಡೆ, ಮೊಣಕಾಲುದ್ದದ ಹೊಸಿಲು. ಅನಸೂಯಮ್ಮ ಸೊಸೆಯಾಗಿ ಬಂದಾಗಿನಿಂದ ಒಂದು ಹನಿ ನೀರೂ ಆ ಹೊಸಿಲು ದಾಟಿರಲಿಲ್ಲ. ಅದನ್ನು ಕಂಡು ಬಂಗಾರಪೇಟೆಯ ಬೀಗಿತ್ತಿ ಕನಕಮ್ಮ, ಬಂದವರೆಲ್ಲರ ಮುಂದೆ, "ನಮ್ಮ ಸೊಸೆ ಈ ಮಸಿ ಬಚ್ಚಲಲ್ಲಿ ಬಾಣಂತನ ಮಾಡಿಸ್ಕೋಬೇಕಾ? ಟೈಲ್ಸ್ ಆಕ್ಸಿ ಬೀಗಿತ್ತಿ, ಈಗ ಯಾರ ಮನೇಲಿಲ್ಲ" ಎಂದುಬಿಟ್ಟಳು. ಕನಕಮ್ಮನ ಮಗ, ರಾಧಳ ಗಂಡ ಗೋಪಿ ಕಂಟ್ರಾಕ್ಟರ್. ಬಂಗಾರಪೇಟೆಯಿಂದ ಕೆಜಿಎಫ್‌ವರೆಗೂ ಅವನದೇ ಓಡಾಟ. "ಬೇರೆಯೋರಿಗೆ ಯಾಕೆ ಕೊಡ್ತೀರ ಅತ್ತೆ, ನಾನೇ ನಿಂತು ಮಾಡಿಸ್ಕೊಡ್ತೀನಿ" ಎಂದ. ಅನಸೂಯಮ್ಮನ ಎದೆ ಉಬ್ಬಿಹೋಯಿತು. ಹಾಲಿನ ದುಡ್ಡೆಲ್ಲ ಅಳಿಯನ ಕೈಗೆ ಹೋಯಿತು, ಹಳೆಯ ಕಲ್ಲುಚಪ್ಪಡಿ ಹಿತ್ತಲಿಗೆ ಹೋಯಿತು.

ನಿಂತು ಮಾಡಿಸುತ್ತೇನೆ ಎಂದವನು ಕೂತೂ ಮಾಡಿಸಲಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಅವನಿಗೆ ದೊಡ್ಡ ಕೆಲಸವೊಂದು ನಡೆಯುತ್ತಿತ್ತು. ಟೈಲ್ಸ್ ಕೆಲಸದ ಸೆಲ್ವರಾಜನನ್ನು ಬೆಳಗ್ಗೆ ಇಲ್ಲಿ ಬಿಟ್ಟು ಮಧ್ಯಾಹ್ನ ಅಲ್ಲಿಗೆ ಎಳೆದೊಯ್ಯುತ್ತಿದ್ದ. ಕೊನೆಗೆ ನೆಲದ ಕೆಲಸವನ್ನು ಒಂದೇ ಸಂಜೆಯಲ್ಲಿ ಮುಗಿಸಿದರು. ಸಿಟಿಯಲ್ಲಿ ಈಗ ಹೊಸಿಲು ಇಡುವುದಿಲ್ಲವಂತೆ, ಇಲ್ಲೂ ಇಡಲಿಲ್ಲ. ಸಿಮೆಂಟು ಆರಿದ ಮೇಲೆ ಸೆಲ್ವರಾಜ್ ಬಕೆಟ್ ಎತ್ತಿಕೊಂಡು, "ಅಮ್ಮಾ, ತಣ್ಣಿ ಸುರಿದು ವಾಟ ನೋಡ್ಬಿಡ್ತೀನಿ, ನೀರು ಯಾವ ಕಡೆ ಓಗ್ತದೆ ಅಂತ" ಎಂದ. ಯಾರ ಮನೆಯಲ್ಲಾದರೂ ಕೊನೆಗೆ ಅವನು ಮಾಡುವ ಕೆಲಸ ಅದು.

ಬೇಡ ಎಂದವಳು ಅನಸೂಯಮ್ಮನೇ! ಗೋಪಿ ಪಕ್ಕದಲ್ಲೇ ನಿಂತಿದ್ದ. ಅಳಿಯನ ಎದುರಿಗೇ ಅಳಿಯ ಮಾಡಿಸಿದ ಕೆಲಸವನ್ನು ಪರೀಕ್ಷೆ ಮಾಡುವುದುಂಟೇ? ಬೀಗರ ಮನೆಯ ಊಟಕ್ಕೆ ಕುಳಿತು, ಅನ್ನ ಬೆಂದಿದೆಯಾ ಎಂದು ಹಿಸುಕಿ ನೋಡಿದಂತಲ್ಲವೇ ಅದು? "ಬಕೆಟ್ ಇಡಪ್ಪ, ನಮ್ಮಳಿಯಂದ್ರು ಮಾಡ್ಸಿರೋದು, ಅದಕ್ಕೆಂಥ ಪರೀಕ್ಷೆ" ಎಂದಳು. ಗೋಡೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ತಟ್ಟೆಯಲ್ಲಿ ಪಂಚೆ ಶಲ್ಯ ಇಟ್ಟು ಅಳಿಯನಿಗೆ ಕೊಟ್ಟಳು. ಒಂದು ಬಕೆಟ್ ನೀರು ಸುರಿಯಲಿಲ್ಲ, ಅಷ್ಟೇ.

ಹೆರಿಗೆಯಾಗಿ ಮಗಳು ಮನೆಗೆ ಬಂದ ಮೇಲೆ ನೀರು ತನ್ನ ದಾರಿ ತೋರಿಸಿತು. ಚರಂಡಿಯ ಜಾಲರಿ ಒಂದು ಮೂಲೆಯಲ್ಲಿ, ನೀರು ಓಡುವುದು ಬಾಗಿಲಿಗೆ. ಬಾಣಂತಿಯ ಸ್ನಾನವೆಂದರೆ ಪಟ್ಟಣದವರ ಒಂದು ಬಕೆಟ್ಟೇ? ಹಂಡೆಗಟ್ಟಲೆ ಸುಡುವ ನೀರು ಹುಯ್ಯಬೇಕು, ಮೇಲೆ ಕೂಸಿನ ನೀರು ಬೇರೆ. ಅನಸೂಯಮ್ಮ ಫೋನ್ ಮಾಡಿದರೆ ಗೋಪಿ, "ಬತ್ತೀನಿ ಅತ್ತೆ, ಚಾಂಪಿಯನ್ ರೀಫ್ಸ್‌ದು ಒಂದು ಮುಗೀಲಿ" ಎನ್ನುತ್ತಿದ್ದ. ರಾಧ ನೀರು ಹರಿಯುವುದನ್ನು ವೀಡಿಯೋ ಮಾಡಿ ಗಂಡನಿಗೆ ಕಳಿಸಿದಳು. ಅತ್ತ ಕಡೆಯಿಂದ ಹೆಬ್ಬೆರಳಿನ ಚಿತ್ರವೊಂದು ಬಂತು. ಆಯಿತು ಎಂದೋ, ಚೆನ್ನಾಗಿದೆ ಎಂದೋ, ಆ ಹೆಬ್ಬೆರಳಿಗೇ ಗೊತ್ತು.

ಕೊನೆಗೆ ಬಚ್ಚಪ್ಪನೇ ಬಸ್ಸು ಹತ್ತಿ ಬಂಗಾರಪೇಟೆಗೆ ಹೋದ. ಗೋಪಿ ಮನೆಯಲ್ಲಿರಲಿಲ್ಲ. ಕನಕಮ್ಮ ಕಾಫಿ ಕೊಟ್ಟಳು, ಜೊತೆಗೆ ಮಾತನ್ನೂ ಕೊಟ್ಟಳು. ಬಚ್ಚಪ್ಪ ಸಂಜೆ ಮರಳಿ ಬಂದು ಜಗಲಿಯ ಮೇಲೆ ಕುಸಿದ.

"ಏನಂದ್ರು?" ಎಂದಳು ಅನಸೂಯಮ್ಮ.

"ನನ್ನ ಮಗ ನಿಮ್ಮನೆ ಕೂಲಿ ಆಳಾ ಅಂದ್ರು. ನೀರು ಕಮ್ಮಿ ಸುರ್ಕೊಳ್ಳಿ ಅಂದ್ರು."

"ಇನ್ನೇನಂದ್ರು?"

"ನೆಲ ಸರಿ ಇಲ್ಲ ಅಂತ ಇನ್ನೊಂದ್ ಮಾತು ಬಂದ್ರೆ, ಆ ನೆಲದ ಮೇಲೇ ನಿಮ್ಮ ಮಗಳನ್ನ ಕೂರಿಸ್ಕೊಳ್ಳಿ, ಕರ್ಕೊಂಡು ಓಗೋಕೆ ನಾವ್ ಬರಲ್ಲ ಅಂದ್ರು ಕಣೇ."

ಹೆಣ್ಣು ಕೊಟ್ಟವರಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಇನ್ನೇನಿದೆ? ಒಳಗಿನಿಂದ ಕೇಳಿಸಿಕೊಂಡ ರಾಧ ತಲೆಗೆ ಕಟ್ಟಿದ ಬಟ್ಟೆಯಲ್ಲೇ ಎದ್ದು ಬಂದಳು. "ನಾನೇ ಕೇಳ್ತೀನಿ ಬಿಡಮ್ಮ ಅವರನ್ನ" ಎಂದಳು.

"ನೀನು ಬಾಯಿ ಬಿಡಬೇಡ. ನಾಳೆ ಆ ಮನೇಲಿ ಬಾಳಬೇಕಾಗಿರೋಳು ನೀನು. ನೀರು ತಾನೇ, ಬಳ್ಕೊಂಡ್ರೆ ಓಗ್ತದೆ. ಸಂಸಾರ ಕೆಟ್ರೆ ಬಳಿಯೋಕಾಗ್ತದಾ?"

ಬಾಯಲ್ಲಿ ಬಿಸಿತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ. ಕೆಲಸದವನು ಹೊರಗಿನವನಾಗಿದ್ದರೆ ನಾಲ್ಕು ಜನರನ್ನು ಸೇರಿಸಿ ನ್ಯಾಯ ಮಾಡಿಸಬಹುದಿತ್ತು. ಅಳಿಯನ ಮೇಲೆ ಯಾವ ಪಂಚಾಯಿತಿ? ಅನಸೂಯಮ್ಮ ದಿನಾ ಚೀಲ ಹಾಕಿದಳು, ತೆಗೆದಳು, ಹಿಂಡಿದಳು, ಒಣಗಿಸಿದಳು. ಬೆಳಗಿನ ಹಾಲು, ಬಾಣಂತಿಯ ಪಥ್ಯ, ಕೂಸಿನ ಸಾಂಬ್ರಾಣಿ, ಇವೆಲ್ಲದರ ನಡುವೆ ಈ ನೀರಿನ ಚಾಕರಿ ಒಂದು ಹೆಚ್ಚಿಗೆ ಬಂತು. ಸೊಂಟ ಹಿಡಿದುಕೊಂಡು ಏಳುವಾಗ ಮುಖ ಮಾತ್ರ ಮಗಳ ಕಡೆ ತಿರುಗಿಸುತ್ತಿರಲಿಲ್ಲ.

ಹಾಗಿರುವಾಗ ಒಂದು ಬೆಳಗ್ಗೆ ಆಗಬಾರದ್ದು ಆಯಿತು. ಕಾಲು ಚಾಚಿ ಕುಳಿತು ಕೂಸಿಗೆ ನೀರು ಹುಯ್ದು, ಹಳೆಯ ಪಂಚೆಯಲ್ಲಿ ಸುತ್ತಿ ಎದೆಗವಚಿಕೊಂಡು ಅನಸೂಯಮ್ಮ ಬಚ್ಚಲಿನಿಂದ ಹೊರಗೆ ಹೆಜ್ಜೆ ಇಟ್ಟಳು. ಎಣ್ಣೆನೀರು ಚೀಲವನ್ನು ದಾಟಿ ನಡುಮನೆಗೆ ಬಂದಿತ್ತು. ಕಾಲು ಸರ್ರನೆ ಜಾರಿತು... ಬೀಳುವವರು ಎರಡೂ ಕೈ ಊರುತ್ತಾರೆ. ಅವಳ ಎಡಗೈ ಮಾತ್ರ ಕೂಸನ್ನು ಬಿಡಲೇ ಇಲ್ಲ. ಅಷ್ಟೂ ಭಾರ ಬಲಗೈ ಮಣಿಕಟ್ಟಿನ ಮೇಲೆ ಬಿತ್ತು. ಲಟಕ್ಕೆಂದ ಸದ್ದು ಒಳಕೋಣೆಯಲ್ಲಿದ್ದ ರಾಧಳಿಗೂ ಕೇಳಿಸಿತು.

ರಾಧ ಓಡಿಬಂದಾಗ ಕೂಸು ಅಜ್ಜಿಯ ಎದೆಯ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. "ಮೊದ್ಲು ಮಗೀನ ತಕ್ಕೋ" ಎಂದಳು ಅನಸೂಯಮ್ಮ. ಮಗಳು ಕೂಸನ್ನು ಎತ್ತಿಕೊಂಡ ಮೇಲೆಯೇ ಅವಳ ಬಾಯಿಂದ ನರಳಿಕೆ ಬಂದದ್ದು. ಕಣ್ಣಲ್ಲಿ ನೀರು ತುಂಬಿದ್ದರೂ ಮುಂದಿನ ಮಾತು ಇದು: "ಕೊಟ್ಟಿಗೇಲಿ ಸೆಗಣಿ ಮೇಲೆ ಜಾರ್ದೆ ಅಂತ ಅನ್ನು. ನಿಮ್ಮತ್ತೆಗೆ ಬೇರೆ ಮಾತು ಓಗಬಾರದು."

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಬಿತ್ತು. ಡಾಕ್ಟರಿಗೂ ಕೊಟ್ಟಿಗೆಯ ಕಥೆಯನ್ನೇ ಹೇಳಿದಳು. ಹಾಲು ಕರೆಯುವ ಕೆಲಸ ಬಚ್ಚಪ್ಪನ ಪಾಲಿಗೆ ಬಂತು. ಹಸುವಿಗೂ ಅವನಿಗೂ ಆಗಿಬರದು, ದಿನಕ್ಕೊಂದು ಒದೆ ತಿಂದ. ರಾಧ ಬಾಣಂತಿ ಮೈಯಲ್ಲೇ ತನ್ನ ನೀರು ತಾನೇ ಹುಯ್ದುಕೊಂಡಳು. ಮನೆಯಲ್ಲಿ ಮೂವರಿಗೂ ಮಾತು ಕಡಿಮೆಯಾಯಿತು. ದಣಿದವರ ಮನೆಯಲ್ಲಿ ಜಗಳ ಕೂಡ ಆಗುವುದಿಲ್ಲ.

ತಾಯಿ-ಮಗುವನ್ನು ಗಂಡನ ಮನೆಗೆ ಕರೆದೊಯ್ಯುವ ದಿನ ಬಂತು. ಕನಕಮ್ಮ ರೇಷ್ಮೆ ಸೀರೆಯುಟ್ಟು ಮಗನ ಜೊತೆ ಆಟೋದಲ್ಲಿ ಬಂದಿಳಿದಳು. ಅತ್ತೆಯ ಕೈ ನೋಡಿ ಗೋಪಿ, "ಏನಾಯ್ತತ್ತೆ?" ಎಂದ.

"ಕೊಟ್ಟಿಗೇಲಿ ಜಾರ್ದೆ ಕಣಪ್ಪ."

"ನೋಡ್ಕೊಂಡು ಓಡಾಡ್ಬೇಕು ಬೀಗಿತ್ತಿ, ವಯಸ್ಸಾಗ್ತಾ ಬಂತು" ಎಂದು ಕನಕಮ್ಮ ನಡುಮನೆಯ ಚಾಪೆಯ ಮೇಲೆ ಕುಳಿತಳು. "ರಾವುಕಾಲ ಬರೋದ್ರೊಳಗೆ ಮಗೀಗೆ ನೀರಾಕಿ, ಒರಟುಬಿಡಣ" ಎಂದಳು.

ರಾಧ ಕೂಸನ್ನೆತ್ತಿಕೊಂಡು ಬಚ್ಚಲಿಗೆ ಹೊರಟಳು. ಬಾಗಿಲಲ್ಲಿ ಒಂದು ಕ್ಷಣ ನಿಂತು, ಅಡ್ಡ ಹಾಕಿದ್ದ ಗೋಣಿಚೀಲವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಅನಸೂಯಮ್ಮ ಅದನ್ನು ಕಂಡಳು. ಬೇಡ ಎನ್ನಲು ಬಾಯಿ ತೆರೆದಳು, ಬೀಗಿತ್ತಿ ಎದುರಿಗೇ ಇದ್ದಳು.

ನೀರು ಬಂತು. ಕನಕಮ್ಮನ ಸೀರೆಯ ಅಂಚು ನೆನೆಯಿತು, ಅವಳು ದಡಬಡಿಸಿ ಎದ್ದಳು. ಮುಂದೆ ನೆಲದ ಮೇಲೆ ತಟ್ಟೆಯಲ್ಲಿ ಮಗಳಿಗೆಂದು ಕಟ್ಟಿಟ್ಟ ಮಡಿಲಕ್ಕಿ, ಬಳೆ, ಕೊಬ್ಬರಿ. ಅನಸೂಯಮ್ಮ ಒಂದೇ ಕೈಯಲ್ಲಿ ಆ ತಟ್ಟೆ ಎತ್ತಲು ಬಗ್ಗಿದಳು, ಆಗಲಿಲ್ಲ. ತಟ್ಟೆ ಬಿಟ್ಟು ಅಭ್ಯಾಸದಂತೆ ಚೀಲಕ್ಕೆ ಕೈ ಚಾಚಿದಳು. ಗೋಪಿ ಓಡಿ ತಟ್ಟೆಯನ್ನು ಎತ್ತಿ ಹಿಡಿದ. ಕಾಲಿಗೆ ನೀರು ತಾಕುತ್ತಿದ್ದರೂ ಅವನು ಅಲ್ಲೇ ನಿಂತ.

"ದಿನಾ ಇಂಗೇನಾ?" ಎಂದ.

"ವೀಡಿಯೋ ಕಳ್ಸಿದ್ನಲ್ಲ, ಹೆಬ್ಬೆಟ್ಟು ತೋರ್ಸಿದ್ರಿ" ಎಂದಳು ರಾಧ ಒಳಗಿನಿಂದ. ಕೂಸನ್ನು ಸುತ್ತಿಕೊಂಡು ಗೋಡೆ ಹಿಡಿದು ಹೊರಗೆ ಬಂದಳು. "ಅಮ್ಮ ಕೊಟ್ಟಿಗೇಲಿ ಬೀಳ್ಲಿಲ್ಲ ರೀ. ನೀವ್ ನಿಂತಿದ್ದೀರಲ್ಲ, ಅಲ್ಲೇ ಬಿದ್ದಿದ್ದು. ಆವಾಗ ಕೈಯಲ್ಲಿ ನಿಮ್ಮ ಮಗ ಇದ್ದ."

"ನಡಿ ಗೋಪಿ, ಅವಮಾನ ಮಾಡೋಕೇ ಕರ್ಸವ್ರೆ ಇವ್ರು" ಎಂದಳು ಕನಕಮ್ಮ.

ಗೋಪಿ ಅಲುಗಲಿಲ್ಲ. "ಸೆಲ್ವರಾಜ್ ಇನ್ನೆರಡು ದಿನ ಬೇಕು ಅಂದಿದ್ದ. ಚಾಂಪಿಯನ್ ರೀಫ್ಸ್‌ನೋರು ದಿನಾ ಬೈತಿದ್ರು. ಇಲ್ಲಿ ಬೈಯೋರು ಯಾರಿದ್ದಾರೆ, ಅತ್ತೆ ಮನೆ ತಾನೇ, ಕೇಳೋರಿಲ್ಲ ಅಂತ... ಸಾಕು ಮುಗ್ಸು ಅಂದ್ಬಿಟ್ಟೆ" ಎಂದ, ತಲೆ ಎತ್ತದೆ.

"ಕೇಳೋರಿಲ್ಲ ಅಂತ ನೆಲಾನೇ ಇಂಗ್ ಮಾಡಿದ್ರಿ" ಎಂದಳು ರಾಧ. ದನಿ ಏರಲಿಲ್ಲ. "ನಾನೂ ಇದೇ ಮನೆಯಿಂದ ಬಂದೋಳು. ನನ್ನ ಕೇಳೋರು ಯಾರಿದ್ದಾರೆ?"

ಆ ಮಾತು ನಾಟಿದ್ದು ಗೋಪಿಗಲ್ಲ, ಅನಸೂಯಮ್ಮನಿಗೆ. ಅಯ್ಯೋ ದೇವರೇ, ಮಗಳ ಬಾಳಿಗೆಂದು ತಾನು ಬಾಯಿ ಮುಚ್ಚಿಕೊಂಡದ್ದು, ಮಗಳ ಕಣ್ಣಿಗೆ ಕಂಡದ್ದು ಹೀಗೇ...! ಅಷ್ಟು ದಿನ ಹಿಂಡಿದ ಚೀಲವನ್ನು ನೋಡಿದಳು, ಪಟ್ಟಿ ಕಟ್ಟಿದ ಕೈಯನ್ನು ನೋಡಿದಳು. ಚೀಲ ಬಿಟ್ಟು ಅಳಿಯನ ಕಡೆ ತಿರುಗಿದಳು. ಮಾತು ಸ್ಪಷ್ಟವಾಗಿ ಬಂತು.

"ಅಳಿಯಂದ್ರೇ, ಕೂತ್ಕೊಳ್ಳಿ, ಉಣ್ಣಿ ಅನ್ನೋದು ಬಿಟ್ಟು ನಿಮ್ಮತ್ರ ಬೇರೆ ಮಾತಾಡ್ದೋಳಲ್ಲ ನಾನು. ಇವತ್ತು ಆಡ್ತೀನಿ. ನೆಲ ಸರಿ ಇಲ್ಲ. ಕಿತ್ತಾಕಿ ಮಾಡ್ಸಿಕೊಡಿ. ನೀರು ಜಾಲರಿ ಕಡೆ ಓಗೋಗಂಟ ನನ್ನ ಮಗಳು ಈ ಮನೆ ಬಿಟ್ಟು ಬರಲ್ಲ. ಆಮೇಲೆ ಕರ್ಕೊಂಡ್ ಓದ್ರೆ ಸಂತೋಷ. ಓಗ್ದಿದ್ರೆ ರಾಗಿ ಐತೆ, ಹಸು ಐತೆ, ಒಂದು ಕೈ ಐತೆ."

ಬಚ್ಚಪ್ಪ ಹೆಂಡತಿಯನ್ನೇ ನೋಡಿದ. ಬೇಡ ಕಣೇ ಎನ್ನುತ್ತಾನೆಂದು ಅವಳು ಕಾದಳು. ಅವನು ಬಂದು ಅವಳ ಪಕ್ಕದಲ್ಲಿ ನಿಂತುಕೊಂಡ, ಅಷ್ಟೇ.

ಕನಕಮ್ಮ ಒದ್ದೆ ನೆರಿಗೆ ಕೊಡವಿಕೊಂಡು, "ಬತ್ತೀಯೋ ಇಲ್ವೋ?" ಎಂದು ಮಗನನ್ನು ಕೇಳಿದಳು. "ನೀನು ಓಗಮ್ಮ, ನಾನ್ ಆಮೇಲೆ ಬತ್ತೀನಿ" ಎಂದ ಗೋಪಿ. ಆಟೋ ಅವಳೊಬ್ಬಳನ್ನೇ ಕೂರಿಸಿಕೊಂಡು ಬೂದಿಕೋಟೆ ರಸ್ತೆ ಹಿಡಿಯಿತು. ಗೋಪಿ ಹೊಸ ಶರ್ಟು ಬಿಚ್ಚಿ ಗೂಟಕ್ಕೆ ಹಾಕಿ, "ಮಾವ, ಸುತ್ತಿಗೆ ಐತಾ?" ಎಂದು ಕೇಳಿದ.

ಸೆಲ್ವರಾಜನೂ ಬಂದ. ಟೈಲ್ಸ್ ಕಿತ್ತರು, ಹೊಸ ವಾಟ ಕೊಟ್ಟರು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಕಲ್ಲನ್ನೇ ಒಡೆದು ಹೊಸಿಲು ಕೂರಿಸಿದರು. ಅಷ್ಟು ದಿನವೂ ಕನಕಮ್ಮನಿಂದ ಒಂದು ಫೋನೂ ಇಲ್ಲ. "ಅಮ್ಮ ಸದ್ಯಕ್ಕೆ ಮಾತಾಡಲ್ಲ. ನಾನಿದ್ದೀನಿ ಬಾ" ಎಂದು ಗೋಪಿ ರಾಧಳಿಗೆ ಹೇಳುವುದು ಅನಸೂಯಮ್ಮನ ಕಿವಿಗೂ ಬಿತ್ತು. ಅದು ಎಷ್ಟು ದಿನದ ಮಾತೋ, ಯಾರು ಬಲ್ಲರು? ಪಟ್ಟಿ ಬಿಚ್ಚಿದ ಮೇಲೂ ಮಣಿಕಟ್ಟು ಸೊಟ್ಟಗೇ ಉಳಿಯಿತು. ಇನ್ನು ಹಾಲು ಕರೆಯಲು ಆ ಕೈ ಬಾರದು ಎಂಬುದು ಅವಳಿಗೆ ಗೊತ್ತಾಗಿತ್ತು.

ಸಿಮೆಂಟು ಆರಿದ ದಿನ ಗೋಪಿ ಬಕೆಟ್ ತುಂಬಿಸಿ ತಂದು ಅವಳ ಮುಂದಿಟ್ಟ. "ನೀವೇ ಸುರೀರಿ ಅತ್ತೆ" ಎಂದ. ಅರಿಶಿನ ಕುಂಕುಮ, ಪಂಚೆ ಶಲ್ಯ ಯಾವುದೂ ಇರಲಿಲ್ಲ. ಅನಸೂಯಮ್ಮ ಎಡಗೈಯಿಂದ ಬಕೆಟ್ಟನ್ನು ಓರೆ ಮಾಡಿದಳು. ನೀರು ಬಾಗಿಲ ಬಳಿ ಒಂದು ಗಳಿಗೆ ನಿಂತು, ತಿರುಗಿ, ಮೂಲೆಯ ಜಾಲರಿಗೆ ಇಳಿದು ಹೋಯಿತು. ರಾಧ ಕೂಸನ್ನು ಹೆಗಲಿಗೆ ಹಾಕಿಕೊಂಡು ಉಸಿರು ಬಿಟ್ಟಳು. ಅಮ್ಮ ಇನ್ನು ಅಳುತ್ತಾಳೆ, ಅಳಿಯನನ್ನು ಊಟಕ್ಕೆ ಏಳಿಸುತ್ತಾಳೆ ಎಂದುಕೊಂಡಳು.

ಅನಸೂಯಮ್ಮ ಹೊಸಿಲ ಮೇಲೆ ನಿಧಾನವಾಗಿ ಕುಳಿತು, ಖಾಲಿ ಬಕೆಟ್ಟನ್ನು ಅಳಿಯನ ಕಡೆ ಸರಿಸಿದಳು.

"ಇನ್ನೊಂದು ತನ್ನಿ" ಎಂದಳು.

ಗೋಪಿ ಬಕೆಟ್ ತೆಗೆದುಕೊಂಡು ನಲ್ಲಿಯ ಕಡೆ ಹೋದ.