ಓಗೊಟ್ಟ ಚಿತ್ರ

ಬಹಳ ಕಾಲದ ಹಿಂದೆ ಕಿನ್ನರಗಿರಿಯೆಂಬ ರಾಜ್ಯದಲ್ಲಿ ಎಲ್ಲಿ ನೋಡಿದರೂ ಕತ್ತೆಗಳೇ ತುಂಬಿದ್ದವು. ಅದಕ್ಕೆ ಕಾರಣ ಧೂಮಕೇಶನೆಂಬ ಮಾಂತ್ರಿಕ. ಅವನು ಬೀದಿಯಲ್ಲಿ ನಿಂತು, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಿದ್ದ. 'ಓ' ಎಂದವರು ಕತ್ತೆಯಾಗುತ್ತಿದ್ದರು. ರಾಜನೂ ಕತ್ತೆಯಾಗಿದ್ದ. ಆದರೂ ದಿನವೂ ಸಿಂಹಾಸನ ಏರುತ್ತಿದ್ದ. ಅವನು ಅರಚಿದ್ದಕ್ಕೆಲ್ಲ ಮಂತ್ರಿಗಳು ತಲೆದೂಗುತ್ತಿದ್ದರು.

ಚಿತ್ರಗಾರ್ತಿ ನೀಲಾಜಮ್ಮನ ಗಂಡ ಚೆನ್ನವೀರನೂ ಒಂದು ದಿನ ಓಗೊಟ್ಟುಬಿಟ್ಟ. ಅವಳು ಅಳುತ್ತ ಅರಮನೆಯ ಕೊಳದಲ್ಲಿದ್ದ ಮಾತಾಡುವ ಆಮೆಯ ಬಳಿ ಹೋದಳು. ಮೈಯಿಲ್ಲದ ಮುಖ ಓಗೊಟ್ಟರೆ ಮಂತ್ರ ಕರೆದವನಿಗೇ ತಿರುಗುತ್ತದೆ ಎಂದಿತು ಆಮೆ. ಅವಳು ತನ್ನ ಚಿತ್ರವನ್ನು ತಾನೇ ಬರೆಯಬೇಕು, ಅದೂ ಎಣ್ಣೆಬಣ್ಣದಲ್ಲಿ. ಬಣ್ಣ ಹಸಿಯಿರುವಷ್ಟು ದಿನ ಚಿತ್ರಕ್ಕೆ ಜೀವವಿರುತ್ತದೆ.

ನೀಲಾಜಮ್ಮ ಅಗಸೆ ಎಣ್ಣೆಯಲ್ಲಿ ಬಣ್ಣ ಅರೆದು ಕೂತಳು. ಮೂಗು ನೆಟ್ಟಗೆ ಮಾಡಿದಳು, ಉಬ್ಬುಹಲ್ಲು ಬರೆಯದೆ ಬಿಟ್ಟಳು, ವಜ್ರದ ಮೂಗುತಿ ಇಟ್ಟಳು. ಮಾಂತ್ರಿಕ ಬಂದು ಚೆನ್ನವೀರನ ದನಿಯಲ್ಲಿ "ನೀಲಾ" ಎಂದ. ಇನ್ಯಾರನ್ನೋ ಕರೆಯುತ್ತಿದ್ದಾರೆಂದು ಚಿತ್ರ ಅತ್ತಿತ್ತ ನೋಡಿತು. ನೀಲಾಜಮ್ಮ ಬಾಯಿಗೆ ಸೆರಗು ತುರುಕಿಕೊಂಡು ಹೇಗೋ ಪಾರಾದಳು.

ಎರಡನೆಯ ಚಿತ್ರದಲ್ಲಿ ಕೈಗೆ ಕತ್ತಿ ಕೊಟ್ಟು, ಹುಬ್ಬು ಗಂಟಿಕ್ಕಿ, ವೀರರಾಣಿಯಂತೆ ಬರೆದುಕೊಂಡಳು. ಮಾಂತ್ರಿಕ ಕರೆದಾಗ ಅದು, ಮಹಾರಾಣಿಯನ್ನು ಹೆಸರು ಹಿಡಿದು ಕರೆಯುವುದೇ ಎಂದು ಮುಖ ತಿರುಗಿಸಿತು. ಈ ಸಲ ನೀಲಾಜಮ್ಮನ ಬಾಯಿಂದ ಅರ್ಧ 'ಓ' ಜಾರಿ, ಒಂದು ಕಿವಿ ಕತ್ತೆಯ ಕಿವಿಯಾಯಿತು.

ಅವಳು ಮತ್ತೆ ಕೊಳಕ್ಕೆ ಓಡಿದಳು. "ಊರವರ ಮುಖವೆಲ್ಲ ಬರೆದಿದ್ದೀಯ. ನಿನ್ನ ಮುಖ ಸರಿಯಾಗಿ ನೋಡಿದ್ದು ಯಾವಾಗಮ್ಮ?" ಎಂದಿತು ಆಮೆ.

ನೀಲಾಜಮ್ಮ ಕನ್ನಡಿಯ ಮುಂದೆ ಕೂತಳು. ಚಪ್ಪಟೆ ಮೂಗು, ಉಬ್ಬುಹಲ್ಲು, ಅತ್ತು ಊದಿದ ಕಣ್ಣು, ಈಗಲೋ ಆಗಲೋ ಬೈಯುವಂತಿರುವ ಬಾಯಿ. ಮೊದಲು ನಾಚಿಕೆಯಾಯಿತು. ನೋಡುತ್ತ ನೋಡುತ್ತ ಆ ಮುಖದ ಮೇಲೆ ಕನಿಕರ ಬಂತು. ಏನನ್ನೂ ಬಿಡದೆ ಬರೆದಳು, ಉದ್ದ ಕಿವಿಯನ್ನೂ.

ಮಾಂತ್ರಿಕ ಮೂರನೆಯ ಸಲ ಬಂದು ಕರೆದ. "ನೀಲಾ."

"ಓ! ಕೈಯೆಲ್ಲ ಬಣ್ಣ ಆಗಿದೆ, ಕಾಣಲ್ವೇನ್ರೀ?" ಎಂದಿತು ಚಿತ್ರ.

ಮಂತ್ರ ಹಾರಿ ಬಂತು. ಚಿತ್ರದ ಬಟ್ಟೆಯ ಹಿಂದೆ ಮೈಗಾಗಿ ತಡಕಾಡಿತು. ಸಿಗದೆ ಕರೆದವನ ಮೇಲೇ ಬಿತ್ತು. ಧೂಮಕೇಶನಿಗೆ ಗೊರಸು ಬಂತು, ಬಾಲ ಬಂತು. ಅಗಸನೊಬ್ಬ ಅವನ ಬೆನ್ನಿಗೆ ಬಟ್ಟೆಗಂಟು ಹೇರಿ ಹೊಳೆಯ ಕಡೆ ಹೊಡೆದುಕೊಂಡು ಹೋದ. ಅವನು ಹಾಕಿದ್ದ ಮಂತ್ರವೆಲ್ಲ ಮುರಿದು ನೀಲಾಜಮ್ಮನ ಕಿವಿ ಸರಿಯಾಯಿತು. ಊರ ಕತ್ತೆಗಳೆಲ್ಲ ಮತ್ತೆ ಮನುಷ್ಯರಾಗಿ ತಂತಮ್ಮ ಮನೆ ಸೇರಿ ಸುಖವಾಗಿದ್ದರು. ರಾಜ ಮಾತ್ರ ಮಂತ್ರಿಗಳನ್ನು ಒಂದು ವಾರ ಲಾಯಕ್ಕೆ ಕಳಿಸಿದ.

ಚೆನ್ನವೀರನೂ ಮನೆಗೆ ಬಂದ. ಒಣಗಿ ಸುಮ್ಮನಾಗಿದ್ದ ಚೆಲುವೆಯನ್ನೂ ವೀರರಾಣಿಯನ್ನೂ ದಾಟಿ, ಮೂರನೆಯ ಚಿತ್ರದ ಮುಂದೆ ನಿಂತು, "ನೀಲಾ, ಬಂದೆ ಕಣೇ" ಎಂದ. ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ಚಿತ್ರವೂ ಕೇಳಿತು, ಅಡುಗೆಮನೆಯಿಂದ ಓಡಿಬಂದ ಹೆಂಡತಿಯೂ ಕೇಳಿದಳು. ಬಣ್ಣ ಒಣಗುವ ತನಕ ಚೆನ್ನವೀರ ಇಬ್ಬರಿಂದಲೂ ಬೈಸಿಕೊಂಡು ಸುಖವಾಗಿದ್ದ, ಆಮೇಲೆ ಒಬ್ಬಳಿಂದಲೇ.