ದಂಡೆ ಮುಟ್ಟುವ ತನಕ

ಚಹಾ ಹಂಚುತ್ತ ಬಂದ ದುರ್ಗಾಳ ಕೈ ಅರ್ಧಕ್ಕೇ ನಿಂತಿತು. ಟೂರಿಗೆ ಬಂದ ಶಹಾಪುರದ ಮಂದಿಯ ನಡುವೆ, ಅವಳ ಅಣ್ಣನ ಬೋಟಿನಲ್ಲೇ, ಮುಖಕ್ಕೆ ಟವೆಲ್ ಸುತ್ತಿಕೊಂಡು ಮರಿಲಿಂಗ ಕುಳಿತಿದ್ದ. ಬೋಟು ದಂಡೆ ಬಿಟ್ಟು ನಡುನೀರಿಗೆ ಬಂದಿತ್ತು. ಅವನು ನಿಧಾನಕ್ಕೆ ಟವೆಲ್ ಸರಿಸಿದ. ತುಟಿ ಒಡೆದಿತ್ತು, ಎಡಗಣ್ಣು ಬದನೆಕಾಯಿಯಂತೆ ಊದಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಎರಡು ಕಣ್ಣಿಗಾಗುವಷ್ಟು ಅವಳನ್ನು ನೋಡಿದ.

"ಸಾಯಾಕ ಬಂದೀ ಏನು?" ದುರ್ಗಾ ಬಗ್ಗಿ ಪಿಸುಗುಟ್ಟಿದಳು.

"ಟಿಕೀಟ್ ತಗೊಂಡೀನಿ. ಮೂರು ದಿನ ನೀರ ಮ್ಯಾಲ ಟೂರ್ ಅಲ್ಲೇನು? ಹಿನ್ನೀರು ನೋಡೋಣಂತ ಬಂದೀನಿ."

"ಹುಟ್ಟಿದಾಗಿಂದ ನೋಡಾಕತ್ತೀಯಲ್ಲ."

"ನಿನ್ನ ಬೋಟಿನಾಗ ಕುಂತು ನೋಡಿಲ್ಲ."

ನಗು ಬಂತು. ನಗುವ ಹೊತ್ತು ಅದಲ್ಲ ಎಂದು ಅವಳಿಗೆ ಗೊತ್ತಿತ್ತು. ಹೋದ ವರ್ಷ ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ಜಗಳದಲ್ಲಿ ಆಚೆ ದಂಡೆಯ ಈ ಮರಿಲಿಂಗನೇ ಅವಳ ಅಣ್ಣ ಲಾಲಪ್ಪನ ಮುಂದಿನ ಹಲ್ಲು ಮುರಿದಿದ್ದ. ಅಂದು ಅವಳೂ ಸುಮ್ಮನಿರಲಿಲ್ಲ, ಸೌಟು ಬೀಸಿ ಇವನ ಹಣೆ ಒಡೆದಿದ್ದಳು. ಆ ಗಾಯ ಮಾಯುವಷ್ಟರಲ್ಲಿ ಇಬ್ಬರಿಗೂ ಪ್ರೀತಿ ಹತ್ತಿಕೊಂಡಿತ್ತು. ಸುದ್ದಿ ತಿಳಿದ ಲಾಲಪ್ಪ, ಸೋದರಮಾವನ ಮಗ ಬಬ್ಲುಗೆ ತಂಗಿಯನ್ನು ಕೊಡುವುದೆಂದು ಗೊತ್ತುಮಾಡಿದ. ನಿನ್ನೆ ಇಬ್ಬರೂ ಸೇರಿ ಮರಿಲಿಂಗನನ್ನು ಸುರಪುರದ ಬಸ್ ಸ್ಟ್ಯಾಂಡ್ ಹಿಂದೆ ದನಕ್ಕೆ ಬಡಿದಂತೆ ಬಡಿದಿದ್ದರು.

ಅಷ್ಟರಲ್ಲಿ ಲಾಲಪ್ಪನೂ ನೋಡಿದ. ಎಂಜಿನ್ ಬಂದ್ ಮಾಡಿ, ಹುಟ್ಟು ಹಿಡಿದು ಅವನೆದುರು ಬಂದು ನಿಂತ.

"ನೀರ ಮ್ಯಾಲ ಅದೀನಿ, ಲಾಲಪ್ಪಣ್ಣ," ಎಂದ ಮರಿಲಿಂಗ, ಎದ್ದೇಳದೆ.

ಅಂಬಿಗರಲ್ಲಿ ಅದೊಂದು ಮಾತು ಹಿಂದಿನಿಂದ ನಡೆದು ಬಂದಿದೆ. ದೋಣಿ ಹತ್ತಿದವನು ದಂಡೆ ಮುಟ್ಟುವ ತನಕ ಅಂಬಿಗನ ಜೀವ. ವೈರಿಯಾದರೂ ಸರಿ, ನೀರಿನಲ್ಲಿರುವಾಗ ಅವನ ಮೇಲೆ ಕೈ ಎತ್ತುವಂತಿಲ್ಲ, ಬೇರೆಯವರಿಗೆ ಎತ್ತಗೊಡುವಂತೆಯೂ ಇಲ್ಲ.

ಲಾಲಪ್ಪ ಹುಟ್ಟನ್ನು ಹಲಗೆಗೆ ಅಪ್ಪಳಿಸಿದ. "ದಂಡಿಗಿ ಬಾ ಮಗನ. ಅಲ್ಲೇ ಕಡೀತೀನಿ."

ಬಾಯಿ ಮಾತಲ್ಲ ಅದು. ತಂಗಿಗೆ ಅಣ್ಣನ ಗುಣ ಗೊತ್ತು.

ಮರುದಿನ ಬೋಟು ಗುಡ್ಡಗಳ ನಡುವೆ ಕೊಲ್ಲಿಯಂತೆ ಒಳಚಾಚಿದ ನೀರಿಗೆ ಬಂತು. ಎಲ್ಲ ಟೂರಿನವರೂ ಅಲ್ಲಿಗೇ ಬರುತ್ತಾರೆ. ಎಳ್ಳು ಹಾಕಲೂ ಜಾಗವಿಲ್ಲದಂತೆ ಬೋಟಿಗೆ ಬೋಟು ಉಜ್ಜುತ್ತಿತ್ತು. ಒಬ್ಬರ ಸೆಲ್ಫಿಯಲ್ಲಿ ಇನ್ನೊಬ್ಬರ ಮೊಣಕೈ. ದುರ್ಗಾ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಮರಿಲಿಂಗನಿಗೆ ಕೊಡುವಾಗ ಬೇಕೆಂದೇ ಬೆರಳು ತಾಗಿಸಿದಳು. ಪಕ್ಕದಲ್ಲೇ ತನ್ನ ಟೂರ್ ಬೋಟು ನಿಲ್ಲಿಸಿದ್ದ ಬಬ್ಲು ಅದನ್ನು ನೋಡಿದ.

ಅವನು ಕಬ್ಬಿಣದ ರಾಡು ಹಿಡಿದೇ ಹಾರಿ ಬಂದ. ಮೊದಲ ಏಟಿಗೆ ಮರಿಲಿಂಗನ ಹೆಗಲು ಸೀಳಿ ರಕ್ತ ರೊಟ್ಟಿಯ ಮೇಲೆ ಬಿತ್ತು. ಎರಡನೆಯದು ತಲೆಗೆ ಬೀಳುವುದರೊಳಗೆ ದುರ್ಗಾ ಕುದಿಯುವ ಮೀನಿನ ಸಾರನ್ನು ಪಾತ್ರೆ ಸಮೇತ ಬಬ್ಲುವಿನ ಕಾಲ ಮೇಲೆ ಸುರಿದಳು. ಅವನು ಕಿರುಚಿಕೊಂಡು ಅವಳ ಜಡೆಗೆ ಕೈ ಹಾಕಿದ, ರಾಡು ಮತ್ತೆ ಮೇಲೆತ್ತಿದ. ಲಾಲಪ್ಪನ ಹುಟ್ಟು ಬಬ್ಲುವಿನ ಮಣಿಕಟ್ಟಿಗೆ ಬಿತ್ತು. ಎಲುಬು ಮುರಿದ ಸದ್ದು ಸುತ್ತಲಿನ ಬೋಟುಗಳಿಗೂ ಕೇಳಿಸಿತು.

"ಇವನ ಸಲುವಾಗಿ ನನಗ ಹೊಡದ್ಯಾ?" ಬಬ್ಲು ಹಲಗೆಯ ಮೇಲೆ ಕುಸಿದ.

"ನನ್ನ ಪ್ಯಾಸೆಂಜರ್ ಅದಾನ," ಎಂದ ಲಾಲಪ್ಪ. "ದಂಡಿ ಮ್ಯಾಲ ಇವನ ಎಲುಬು ನಾನ ಮುರೀತೀನಿ. ನಿನಗ್ಯಾಕ ಅವಸರ?" ಬಬ್ಲುವನ್ನು ಎತ್ತಿ ಅವನ ಬೋಟಿಗೇ ದೂಡಿದ.

ದುರ್ಗಾ ತನ್ನ ಓಢಣಿ ಹರಿದು ಮರಿಲಿಂಗನ ಹೆಗಲಿಗೆ ಬಿಗಿದಳು. ಸಿಟ್ಟಿಗೆ ಇನ್ನೊಂದು ಗಂಟು ಹೆಚ್ಚೇ ಹಾಕಿದಳು.

"ನೋಯ್ತದ ಮಾರಾಯ್ತಿ."

"ನೋಯ್ಲಿ. ನಾಳೆ ದಂಡಿ ಬರ್ತದ. ಏನ್ ಮಾಡ್ತಿ?"

"ಇಳೀತೀನಿ. ಹೊಡೀತಾನ. ಎರಡು ದಿನ ನಿನ್ನ ಕೈಲೆ ಉಂಡೀನಲ್ಲ, ಸಾಕು."

"ನನಗ ಸಾಕಾಗಿಲ್ಲ," ಎಂದಳು ದುರ್ಗಾ. ಹೇಳಿದ ಮೇಲೆ ಅವಳಿಗೇ ಅಳು ಬಂತು. ಈ ಹುಚ್ಚನಿಲ್ಲದೆ ಬದುಕು ಬೇಡವೆಂದು ಅವಳಿಗೆ ಅನ್ನಿಸಿದ್ದು ಆಗಲೇ.

ಮೂರನೆಯ ದಿನ ಸಂಜೆ ದಂಡೆ ಬಂತು. ಲಾಲಪ್ಪ ಮೊದಲು ಜಿಗಿದು, ಹಗ್ಗ ಗೂಟಕ್ಕೆ ಸುತ್ತಿ, ಹುಟ್ಟು ಹಿಡಿದು ನಿಂತ. ಮಂದಿ ಒಬ್ಬೊಬ್ಬರೇ ಇಳಿದರು. ಕೊನೆಗೆ ಮರಿಲಿಂಗ ಅಂಗಿ ಸರಿಮಾಡಿಕೊಂಡು ಎದ್ದ.

"ಕುಂದ್ರು," ಎಂದಳು ದುರ್ಗಾ.

ಮೀನು ಕೊಯ್ಯುವ ಕತ್ತಿಯಿಂದ ಒಂದೇ ಏಟಿಗೆ ಹಗ್ಗ ಕಡಿದಳು. ಬಿದಿರ ಗಳ ಊರಿ, ಮೈಯ ಬಲವೆಲ್ಲ ಹಾಕಿ ದೂಡಿದಳು. ಬೋಟು ಹಿಂದಕ್ಕೆ ಸರಿಯಿತು.

ಲಾಲಪ್ಪ ಗರ್ಜಿಸುತ್ತ ನೀರಿಗೆ ನುಗ್ಗಿದ. ಎದೆಮಟ್ಟದ ನೀರಿನಲ್ಲಿ ನಿಂತು ಹುಟ್ಟು ಎತ್ತಿದ.

"ನಿಂದ್ರು ಅಣ್ಣಾ. ಗಳ ನನ್ನ ಕೈಯಾಗ ಅದ. ಈಗ ಬೋಟ್ ನಡಸಾಕಿ ನಾನು, ಇಂವ ನನ್ನ ಪ್ಯಾಸೆಂಜರ್. ಮುಟ್ಟಬೇಕಂದ್ರ ಮೊದಲ ನನಗ ಹೊಡಿ."

ಹುಟ್ಟು ಬೀಸಿ ಬಂತು. ದುರ್ಗಾ ಕಣ್ಣು ಮುಚ್ಚಲಿಲ್ಲ. ಅದು ಅವಳ ಪಾದದ ಪಕ್ಕದ ಅಂಚಿಗೆ ಬಡಿದು, ಹಲಗೆ ಸೀಳಿ, ಅಲ್ಲೇ ಸಿಕ್ಕಿಕೊಂಡಿತು. ಲಾಲಪ್ಪ ಅದನ್ನು ಎಳೆದುಕೊಳ್ಳಲಿಲ್ಲ.

"ಡೀಸೆಲ್ ಆಚಿ ದಂಡಿ ತನಕ ಅಷ್ಟ ಅದ," ಎಂದ. "ತಿರುಗಿ ಬರಾಕ ಸಾಲಂಗಿಲ್ಲ."

ಬೆನ್ನು ತಿರುಗಿಸಿ, ನೀರು ಸೀಳುತ್ತ ದಂಡೆಯ ಕಡೆ ನಡೆದ. ಹುಟ್ಟು ಬೋಟಿನಲ್ಲೇ ಉಳಿಯಿತು.

ದುರ್ಗಾ ಕಣ್ಣೊರೆಸಿಕೊಂಡಳು. "ಆ ದಂಡ್ಯಾಗ ನಿನಗ ಹೊಡಿಯವ್ರು ಯಾರೂ ಇರಂಗಿಲ್ಲ ನೋಡು."

"ನೀ ಇರ್ತೀಯಲ್ಲ," ಎಂದ ಮರಿಲಿಂಗ, ಹಣೆಯ ಹಳೆಯ ಗಾಯ ಮುಟ್ಟಿಕೊಂಡು.

"ಇರ್ತೀನಿ," ಎಂದು ದುರ್ಗಾ ಎಂಜಿನ್ ಚಾಲೂ ಮಾಡಿದಳು.