ಗಾಳಿಗೆ ನಿಲ್ಲದ ನೇರಳೆ

ಅವನು ಕಾಫಿ ಮುಟ್ಟಲೇ ಇಲ್ಲ!

ಶಾಂತಾ ತಟ್ಟೆ ಹಿಡಿದು ನಿಂತೇ ಇದ್ದಳು. ಹಿಂದೂಪುರದ ಆ ನಡುಮನೆಯಲ್ಲಿ ಉಳಿದವರೆಲ್ಲರ ಲೋಟಗಳೂ ಖಾಲಿಯಾಗಿದ್ದವು. ಕಲ್ಯಾಣದುರ್ಗದಿಂದ ಹೆಣ್ಣು ನೋಡಲು ಬಂದಿದ್ದ ದನದ ಡಾಕ್ಟರು ಅಮರೇಶಪ್ಪ ಮಾತ್ರ ಕೈ ಚಾಚದೆ, ಆಸಿಡ್ ತಾಗಿ ಹಳದಿಗಟ್ಟಿದ ಅವಳ ಬೆರಳುಗಳನ್ನೇ ನೋಡುತ್ತ ಕುಳಿತಿದ್ದ.

ಸ್ವಲ್ಪ ಹೊತ್ತಿಗೆ ಮುಂಚೆ ಇದೇ ಮನುಷ್ಯ, ಹಾಡಲು ಬರುತ್ತದೆಯೇ ಎಂದು ಕೇಳದೆ, "ಡಾಕ್ಟರೇಟ್ ಮುಗಿದ ಮೇಲೂ ಬೆಂಗಳೂರಿನ ಲ್ಯಾಬಿನಲ್ಲಿ ಏನು ಮಾಡ್ತೀರಿ?" ಎಂದಿದ್ದ.

"ಯುರೇನಿಯಂನ ಒಂದು ಹೊಸ ಸಂಯುಕ್ತ ಕಟ್ಟೋಕೆ ನೋಡ್ತಿದೀನಿ. ಒಳ್ಳೇ ನೇರಳೆ ಬಣ್ಣ ಬರುತ್ತೆ... ಚೂರು ಗಾಳಿ ಸೋಕಿದ್ರೆ ಹಸಿರಾಗಿ ಕೆಟ್ಟೋಗುತ್ತೆ."

"ಅಯ್ಯೋ! ಆಮೇಲೆ?"

"ಮತ್ತೆ ಮೊದಲಿಂದ."

ಅವನು ನಕ್ಕಿದ್ದ. ಮರುಕದ ನಗು. ತನ್ನ ಕೆಲಸದ ಬಗ್ಗೆ ಯಾರಾದರೂ "ಆಮೇಲೆ?" ಎಂದು ಕೇಳಿದ್ದು ಇದೇ ಮೊದಲು ಅನ್ನಿಸಿ ಅವಳ ಎದೆ ಹಗುರಾಗಿತ್ತು.

"ಅದೆಲ್ಲ ಮದುವೆ ಆಗೋಗಂಟ ಕಣಪ್ಪ. ಆಮ್ಯಾಕೆ ಬಿಟ್ಬುಡ್ತಾಳೆ," ಎಂದಿದ್ದರು ಅವಳಪ್ಪ ಮುತ್ಯಾಲಪ್ಪ.

ಬಿಡುತ್ತೇನೆಂದು ಅವಳು ಯಾರಿಗೂ ಹೇಳಿರಲಿಲ್ಲ. ಆದರೂ ಬಾಯಿ ಬಿಡದೆ ಕಾಫಿ ತರಲು ಎದ್ದಿದ್ದಳು.

ಈಗ ಆ ಕಾಫಿ ಕೆನೆಗಟ್ಟುತ್ತಿತ್ತು. ಬಂದವರು ಎದ್ದು ಹೋದರು.

"ಅಣುಬಾಂಬಿನ ಮದ್ದು ಮುಟ್ಟೋ ಕೈ ಕಣಮ್ಮ," ಎಂದಳು ಪಕ್ಕದ ಮನೆ ಮುನಿಯಕ್ಕ. "ಯಾವ ಗಂಡು ತಾನೇ ಕುಡಿದಾನು? ಅಂಥೋರಿಗೆ ಮಕ್ಕಳೂ ಆಗಲ್ವಂತೆ!"

ಓದಿದವನು... ಅವನೂ ಹೀಗೆಯೇ?

ಶಾಂತಾ ಬೆಂಗಳೂರಿಗೆ ಮರಳಿದಳು. ಗಾಜಿನ ಕೊಳವೆಗಳನ್ನು ಕಾಯಿಸಿ ತೇವ ಓಡಿಸಿದಳು. ಒಳಗಿನ ಗಾಳಿ ತೆಗೆದು ನೈಟ್ರೋಜನ್ ತುಂಬಿದಳು. ಉಸಿರು ಬಿಗಿಹಿಡಿದು ಕಾದಳು. ಹಸಿರು ದ್ರಾವಣ ಮೆಲ್ಲಗೆ ನೇರಳೆಗೆ ತಿರುಗಿತು. ಹರಳು ಕಟ್ಟಬೇಕು, ಅಷ್ಟೇ... ಅಷ್ಟರಲ್ಲಿ ಕೊಳವೆಯ ಒಂದು ಕೀಲು ಸಡಿಲಾಗಿ ಗಾಳಿ ನುಗ್ಗಿ, ಕಣ್ಣೆದುರೇ ಪಾಚಿಯ ಬಣ್ಣ!

ಕೈಲಿದ್ದ ಬಟ್ಟೆಯನ್ನು ಗೋಡೆಗೆ ಎಸೆದಳು. ಮರುವಾರವೂ ಅದೇ ಹಸಿರು. ಅದರ ಮರುವಾರವೂ! ಮದುವೆಯೂ ಇಲ್ಲ, ಹರಳೂ ಇಲ್ಲ. ಯಾವುದಕ್ಕಾಗಿ ಈ ಒದ್ದಾಟ?

ರಜೆಗೆ ಊರಿಗೆ ಬಂದಾಗ ಮುನಿಯಕ್ಕ ಮತ್ತೆ ಅದೇ ಮಾತೆತ್ತಿದಳು. ಶಾಂತಾ ನೇರ ಹೋಗಿ ಕಲ್ಯಾಣದುರ್ಗದ ಬಸ್ಸು ಹತ್ತಿದಳು. ಪೆನುಕೊಂಡ ದಾಟುವವರೆಗೂ ಬೈಗುಳಗಳನ್ನು ಜೋಡಿಸುತ್ತಲೇ ಇದ್ದಳು.

ದನದ ಆಸ್ಪತ್ರೆಯ ಅಂಗಳದಲ್ಲಿ ಅಮರೇಶಪ್ಪ ಎಮ್ಮೆಯ ಬಾಯಿಗೆ ಬಿದಿರಿನ ಗೊಟ್ಟ ಇಟ್ಟು ಔಷಧಿ ಹೊಯ್ಯುತ್ತಿದ್ದ.

"ನನ್ನ ಕೈಯಲ್ಲಿ ವಿಷ ಇದೆ ಅಂತ ಕಾಫಿ ಬಿಟ್ರಾ?"

ಅವನು ಗಕ್ಕನೆ ತಿರುಗಿದ. ಔಷಧಿ ಅವನ ಅಂಗಿಯ ಮೇಲೆ!

"ಸಾರ್, ಗಟ್ಟಿಯಾಗಿ ಹಿಡ್ಕಳಿ!" ಎಮ್ಮೆಯ ಯಜಮಾನ ಈರಲಿಂಗಪ್ಪ ಕೂಗಿದ. "ಏಮ್ಮಾ, ಜಗಳ ಆಮ್ಯಾಕೆ ಮಾಡ್ಕಳಿ!"

"ವಿಷವಾ? ಯಾರು ಹೇಳಿದ್ದು?" ಅಮರೇಶಪ್ಪ ಕಣ್ಣರಳಿಸಿದ.

"ನನ್ನ ಬೆರಳನ್ನೇ ನೋಡ್ತಾ ಕೂತಿದ್ರಲ್ಲ!"

"ತಟ್ಟೆ ನಡುಗ್ತಿತ್ತು ಕಣ್ರೀ, ಅದ್ಕೆ ನೋಡ್ದೆ. ನಮ್ಮ ಕಡೆ ಹೆಣ್ಣು ತಂದ ಕಾಫಿನ ಗಂಡು ಕುಡಿದ್ರೆ ಒಪ್ಪಿದ ಹಂಗೆ. ಅಲ್ಲೇ ತಾಂಬೂಲ ಬದಲಾಯಿಸ್ಬುಡ್ತಾರೆ. ಆಮೇಲೆ ನೀವು ಬ್ಯಾಡ ಅಂದ್ರೂ ಯಾರೂ ಕೇಳಲ್ಲ."

"ನಾನು ಯಾಕೆ ಬ್ಯಾಡ ಅಂತಿದ್ದೆ?"

"ಕೆಲಸ ಬಿಡ್ತಾಳೆ ಅಂದ್ರಲ್ಲ ನಿಮ್ಮಪ್ಪ... ಆಗ ನಿಮ್ಮ ಮುಖ ನೋಡ್ದೆ. ಮೊದ್ಲು ನಿಮ್ಮನ್ನೇ ಕೇಳಾನ ಅಂತ ಆಮೇಲೆ ಹೇಳಿ ಕಳಿಸ್ದೆ. ಕಾಫಿ ಮುಟ್ಟದೋನಿಗೆ ಮಾತೇನು ಅಂತ ನಿಮ್ಮಪ್ಪ ಬೈದು ಕಳಿಸಿದ್ರಂತೆ."

ಶಾಂತಾಳ ಬೈಗುಳಗಳೆಲ್ಲ ಎಲ್ಲಿಗೆ ಹೋದವೋ! ಅಪ್ಪ ಈ ಮಾತನ್ನು ಮನೆಯಲ್ಲಿ ಎತ್ತಿಯೇ ಇರಲಿಲ್ಲ.

"ಈಗ ಕೇಳಿ," ಎಂದಳು ಮೆಲ್ಲಗೆ.

"ಕೆಲಸ ಬಿಡಬ್ಯಾಡಿ. ಹಿಂದೂಪುರಕ್ಕೆ ವರ್ಗ ಬೇಕು ಅಂತ ಬರೆದಿದೀನಿ, ಅಲ್ಲಿಂದ ಬೆಂಗಳೂರಿಗೆ ರೈಲಿದೆ. ವಾರಕ್ಕೊಂದು ಸಲ ನೀವು ಬನ್ನಿ, ಇಲ್ಲ ನಾನೇ ಬತ್ತೀನಿ. ಆಗಬೋದಾ?"

"ನಾನು ಒಪ್ಪೋಕೆ ಮುಂಚೇನೆ ವರ್ಗ ಕೇಳಿದ್ರಾ?"

"ಹೂಂ... ಅದೊಂದು ತಪ್ಪಾಯ್ತು."

ಅವಳಿಗೆ ನಗು ಬಂತು.

"ಆ ಹರಳು ಇನ್ನೂ ಕಟ್ಟಿಲ್ಲ. ಎಂದೂ ಕಟ್ಟದೇ ಹೋಗಬೋದು. ವಾರವಾರವೂ ಸಿಡುಕ್ಕೊಂಡೇ ಬತ್ತೀನಿ, ನೋಡಿ!"

"ಬನ್ನಿ. ದಿನಾ ಎಮ್ಮೆ ಹತ್ರ ಒದೆ ತಿನ್ನೋನು ನಾನು."

"ನನ್ನನ್ನ ಎಮ್ಮೆಗೆ ಹೋಲಿಸ್ತೀರಾ?"

"ಛೇ, ಎಮ್ಮೆಗೆ ಬೇಜಾರಾದೀತು..." ಎಂದವನ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಹರಳು ಕೆಟ್ಟುಹೋದ ದಿನವೇ ಬನ್ನಿ ಶಾಂತಾ. ಆ ದಿನ ಒಬ್ರೇ ಇರಬ್ಯಾಡಿ."